ಅಡಕೆ ತೋಟದ ಕೋವಿಗೆ ಎಂಥ ಸ್ಕೋಪು, ಎಂಥ ಸ್ಟಾಕು: ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯ ಒಂದು ಪ್ರಕರಣ

ಅಡಕೆ ಕೃಷಿಕ ರೈಗಳ ಕೋವಿಗೆ ಸ್ಕೋಪು, ಅಂದರೆ ಗುರಿ ನೋಡುವ ದುರ್ಬೀನು, ಹಾಕಬೇಕೆಂಬ ಮಾತು ಎತ್ತಿದ್ದು ರೈಗಳಲ್ಲ, ಅವರ ಅಳಿಯ. ತಂಗಿಯ ಮಗ, ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿಯಲ್ಲಿ ಕೆಲಸ. ಅಲ್ಲಿಯೇ ಲೈಸೆನ್ಸ್ ಮಾಡಿಸಿಕೊಂಡು, ಬೇಟೆಯ ಋತು ಬಂದಾಗ ಪರವಾನಗಿ ಚೀಟಿ ತೆಗೆದುಕೊಂಡು ಜಿಂಕೆಗೆ ಹೋಗುವವನು. ರಜೆಯಲ್ಲಿ ಊರಿಗೆ ಬಂದಾಗ ಮಾವ ಹಂದಿ ಕಾಟದ ಕತೆ ಹೇಳಿದರು. ಅವನು ಫೋನು ತೆಗೆದು ಒಂದು ಪಟ್ಟಿಯನ್ನೇ ಮಾಡಿದ: 5-25×56 ಸ್ಕೋಪು (5ರಿಂದ 25 ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದಿನ ಗಾಜು 56 ಮಿಲಿಮೀಟರಿನದು), ಅಲ್ಯೂಮಿನಿಯಂ ಚೌಕಟ್ಟಿನ ಚಾಸಿಸ್ ಸ್ಟಾಕು (ಸ್ಟಾಕು ಅಂದರೆ ಭುಜಕ್ಕೂ ಕೆನ್ನೆಗೂ ಆನಿಸಿ ಹಿಡಿಯುವ ಭಾಗ), ಎರಡು ಕಾಲಿನ ಬೈಪಾಡು. ಒಟ್ಟು ಬೆಲೆ ಕೇಳಿ ರೈಗಳು ಜಗಲಿಯಿಂದ ಎದ್ದು ಒಳಗೆ ಹೋದರಂತೆ. ಶಾಲೆಯಲ್ಲಿ ಮಾಷ್ಟ್ರಾಗಿದ್ದಾಗ ಎನ್‌ಸಿಸಿ ರೈಫಲುಗಳ ಜವಾಬ್ದಾರಿ ನನ್ನದಾಗಿತ್ತು, ಆಮೇಲೂ ಆ ಹುಚ್ಚು ಬಿಟ್ಟಿಲ್ಲ ಎಂಬ ಕಾರಣಕ್ಕೆ ಪಂಚಾಯಿತಿಕೆ ನನ್ನ ಮನೆಗೆ ಬಂತು.

ಅಳಿಯನದ್ದು ತಪ್ಪು, ಮಾವನದ್ದು ಸರಿ ಎಂದು ಹೇಳಿ ಮುಗಿಸುವ ಪ್ರಕರಣ ಇದಲ್ಲ. ಅಳಿಯನ ಪಟ್ಟಿಯಲ್ಲಿದ್ದ ಒಂದೊಂದು ವಸ್ತುವಿಗೂ ಕಾರಣವಿದೆ. ಆ ಕಾರಣಗಳು ಆಲ್ಬರ್ಟಾದ ಬಯಲಿನವು, ಅಷ್ಟೇ.

ಮೊದಲು ಕಾನೂನಿನ ಮಾತು, ಚಿಕ್ಕದಾಗಿ. ನಮ್ಮ ದೇಶದಲ್ಲಿ ಶೋಕಿಯ ಬೇಟೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಲ್ಲಿಸಿದೆ. ಬೆಳೆಗೋ ಪ್ರಾಣಕ್ಕೋ ಅಪಾಯ ತರುವ ಪ್ರಾಣಿಯನ್ನು ಕೊಲ್ಲಲು ಅದೇ ಕಾಯ್ದೆಯ 11ನೇ ಕಲಮಿನಲ್ಲಿ ಅವಕಾಶವಿದೆ. ಕೇರಳ ಸರಕಾರ 2022ರಲ್ಲಿ ಕಾಡುಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಇಳಿಸಿ, ಪಂಚಾಯತು ಅಧ್ಯಕ್ಷರನ್ನು ಗೌರವ ವನ್ಯಜೀವಿ ವಾರ್ಡನ್ ಎಂದು ನೇಮಿಸಿತು. ಅವರ ಲಿಖಿತ ಆದೇಶ ಬೇಕು, ಗುಂಡು ಹಾರಿಸುವವನಲ್ಲಿ ಲೈಸೆನ್ಸಿನ ಕೋವಿ ಇರಬೇಕು. ವಿಷ, ಕರೆಂಟು, ಸಿಡಿಮದ್ದು ಕೂಡದು. ಮರಿಗಳಿರುವ ಹೆಣ್ಣುಹಂದಿಯನ್ನು ಮುಟ್ಟುವಂತಿಲ್ಲ. ಸತ್ತ ಹಂದಿಯನ್ನು ಹೂಳಬೇಕು, ಅದು ಅಡುಗೆಮನೆಗೆ ಹೋಗುವ ಮಾಲಲ್ಲ. ರೈಗಳ ಹೆಸರು ಇಂಥ ಪರವಾನಗಿದಾರರ ಪಟ್ಟಿಯಲ್ಲಿದೆ. ಕೆಳಗಿನ ಮಾತೆಲ್ಲ ಈ ಚೌಕಟ್ಟಿನ ಒಳಗಿನದ್ದು.

ಅಳಿಯನ ಕೋವಿ

ಅವನದ್ದು 6.5 ಕ್ರೀಡ್‌ಮೂರ್. 2007ರಲ್ಲಿ ಹಾರ್ನಡಿ ಕಂಪೆನಿ ತಂದ ತೋಟೆ. ಗುಂಡು ಸಪುರ, ಉದ್ದ. ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಭುಜಕ್ಕೆ ಪೆಟ್ಟು ಕಡಿಮೆ. ಅವನು ಹೋಗುವ ಜಾಗದಲ್ಲಿ ಮರ ಇಲ್ಲ. ಜಿಂಕೆ ಇವನನ್ನು ಅರ್ಧ ಕಿಲೋಮೀಟರಿನಿಂದಲೇ ನೋಡುತ್ತದೆ, ಇವನೂ ಅದನ್ನು ನೋಡುತ್ತಾನೆ. ಹತ್ತಿರ ಹೋಗಲು ಮರೆ ಸಿಗದಿದ್ದರೆ ಅಲ್ಲಿಂದಲೇ ಹೊಡೆಯಬೇಕು, ಇಲ್ಲವೇ ಬಿಟ್ಟು ಬರಬೇಕು.

100 ಮೀಟರಿಗೆ ಗುರಿ ಹೊಂದಿಸಿದ ಆ ಕೋವಿಯಲ್ಲಿ ಗುಂಡು 500 ಮೀಟರಿಗೆ ಹೋಗುವಷ್ಟರಲ್ಲಿ ಒಂದೂವರೆ ಮೀಟರಿಗೂ ಮೀರಿ ಕೆಳಗಿಳಿದಿರುತ್ತದೆ. ಗಂಟೆಗೆ 10 ಕಿಲೋಮೀಟರಿನ ಅಡ್ಡಗಾಳಿ, ಅಂದರೆ ಮುಖಕ್ಕೆ ತಂಪೆನಿಸುವಷ್ಟು ಗಾಳಿ, ಅದನ್ನು ಒಂದು ಗೇಣಿಗೂ ಹೆಚ್ಚು ಪಕ್ಕಕ್ಕೆ ಒಯ್ಯುತ್ತದೆ. ಹಾಗಾಗಿ ದೂರ ಅಳೆಯುವ ಲೇಸರು ಬೇಕು, ಸ್ಕೋಪಿನ ಮೇಲಿನ ತಿರುಗಣೆಯನ್ನು ಲೆಕ್ಕ ಹಾಕಿ ತಿರುಗಿಸಬೇಕು. ಅವನ ಸ್ಕೋಪಿನಲ್ಲಿ ಒಂದು ಕ್ಲಿಕ್ಕು ಅಂದರೆ 0.1 ಮಿಲ್ (ಮಿಲ್ ಒಂದು ಕೋನದ ಅಳತೆ), 100 ಮೀಟರಿನಲ್ಲಿ ಒಂದು ಸೆಂಟಿಮೀಟರು, 500ರಲ್ಲಿ ಐದು. ಸೆಂಟಿಮೀಟರಿನಲ್ಲಿ ಯೋಚಿಸುವವನಿಗೆ ಇದಕ್ಕಿಂತ ಸುಲಭದ ಲೆಕ್ಕ ಇಲ್ಲ. ಇನ್ನೂ ಹಲವು ಸ್ಕೋಪುಗಳಲ್ಲಿ ಬರುವ ಕಾಲು ಎಂಒಎ (ಕೋನದ ಇನ್ನೊಂದು ಅಳತೆ) ಕ್ಲಿಕ್ಕು 100 ಮೀಟರಿಗೆ ಸುಮಾರು 7 ಮಿಲಿಮೀಟರು. ಎರಡರಲ್ಲಿ ಯಾವುದಾದರೂ ಆದೀತು, ಆದರೆ ಒಳಗಿನ ಗೆರೆಗಳು ಮಿಲ್‌ನಲ್ಲಿ, ತಿರುಗಣೆ ಎಂಒಎಯಲ್ಲಿ ಇರುವ ಕಲಬೆರಕೆ ಸ್ಕೋಪು ಮಾತ್ರ ಬೇಡ.

ಎಡಬದಿಯ ಮೂರನೇ ತಿರುಗಣೆ ಪ್ಯಾರಲಾಕ್ಸಿನದು. ಕಣ್ಣು ಸ್ಕೋಪಿನ ನಡುವಿನಿಂದ ಚೂರು ಸರಿದರೆ ಗೆರೆಯೂ ಗುರಿಯೂ ಒಂದರ ಮೇಲೊಂದು ಜಾರಿದಂತೆ ಕಾಣುತ್ತದೆ. 56 ಮಿಲಿಮೀಟರ್ ಗಾಜಿನ ಸ್ಕೋಪನ್ನು 100 ಮೀಟರಿಗೆ ಹೊಂದಿಸಿಟ್ಟು 500ಕ್ಕೆ ನೋಡಿದರೆ ಕಣ್ಣು ತೀರ ಅಂಚಿಗೆ ಬಂದಾಗ ಹತ್ತು ಸೆಂಟಿಮೀಟರಿಗೂ ಹೆಚ್ಚು ತಪ್ಪು ಬರಬಹುದು. ಅಷ್ಟು ತಪ್ಪಾದರೆ ಪ್ರಾಣಿ ಗಾಯಗೊಂಡು ಓಡುತ್ತದೆ. ಚಾಸಿಸ್ ಸ್ಟಾಕಿನ ಕೆನ್ನೆದಿಂಬು, ಹಿಂದೆ ಮುಂದೆ ಸರಿಯುವ ಬುಡ, ಚಪ್ಪಟೆ ಮುಂಭಾಗ, ನಳಿಗೆಗೆ ಎಲ್ಲೂ ತಾಗದ ಜೋಡಣೆ ಎಲ್ಲವೂ ಇರುವುದು ಕಣ್ಣು ಪ್ರತಿ ಸಲ ಅದೇ ಜಾಗಕ್ಕೆ ಬರಲಿ, ನಳಿಗೆ ಪ್ರತಿ ಸಲ ಅದೇ ಥರ ಕಂಪಿಸಲಿ ಎಂದು. ಮಲಗಿ ಹೊಡೆಯುವವನಿಗೆ ಐದಾರು ಕೆಜಿ ಭಾರ ಹೊರೆಯಲ್ಲ, ಸ್ಥಿರತೆ. ನವೆಂಬರಿನ ಚಳಿಯಲ್ಲಿ ಕೈಗವಸು ಬಿಚ್ಚಿದರೆ ಆ ಅಲ್ಯೂಮಿನಿಯಂ ಕೈಗೆ ಕಚ್ಚುತ್ತದೆ ಎಂದು ಅಳಿಯನೇ ಹೇಳಿದ. ಹಿಡಿಯುವ ಕಡೆ ಬಟ್ಟೆಯ ಟೇಪು ಸುತ್ತಿದ್ದಾನಂತೆ.

ಅಲ್ಲಿಗೆ ಅವನ ಆಯ್ಕೆ ಸರಿ. ನನ್ನದೊಂದು ತಕರಾರು 25 ಪಟ್ಟಿನ ಬಗ್ಗೆ. ಅಷ್ಟು ದೊಡ್ಡದು ಮಾಡಿದರೆ 56 ಮಿಲಿಮೀಟರಿನ ಗಾಜಿನಿಂದ ಕಣ್ಣಿಗೆ ಬರುವ ಬೆಳಕಿನ ಕಂಬ ಎರಡೂಕಾಲು ಮಿಲಿಮೀಟರಿನಷ್ಟೇ ದಪ್ಪ ಇರುತ್ತದೆ, ಬಿಸಿಲಿಗೆ ನೆಲದಿಂದ ಏಳುವ ಝಳವೂ ಅಷ್ಟೇ ದೊಡ್ಡದಾಗುತ್ತದೆ. ಬೇಟೆಗೆ 15ರ ಮೇಲೆ ಯಾಕೆ ಎಂದು ಕೇಳಿದೆ. ರೇಂಜಿನಲ್ಲಿ ಕಾಗದದ ತೂತು ನೋಡಲಿಕ್ಕೆ ಎಂದ. ಅದು ಪ್ರಾಮಾಣಿಕ ಉತ್ತರ.

ಮಾವನ ಕೋವಿ, ಮಾವನ ತೋಟ

ರೈಗಳದ್ದು ಇಶಾಪುರದ ರೈಫಲ್ ಫ್ಯಾಕ್ಟರಿಯ ಹಳೆಯ .315. ಬ್ರಿಟಿಷರು ಸೈನ್ಯದ .303 ತೋಟೆ ಜನರ ಕೈಗೆ ಸಿಗಬಾರದೆಂದು ತಡೆದಾಗ, ಸೈನ್ಯದ ರೈಫಲಿನದ್ದೇ ಲೀ-ಎನ್‌ಫೀಲ್ಡ್ ಯಂತ್ರಭಾಗಕ್ಕೆ ಆಸ್ಟ್ರಿಯಾದ 8 ಮಿಲಿಮೀಟರ್ ಮಾನ್‌ಲಿಖರ್ ವಂಶದ ತೋಟೆ ಹೊಂದಿಸಿ ಮಾಡಿದ ಕೋವಿ ಇದು. ಈಗಲೂ .303 ನಿಷೇಧಿತ ಬೋರು, .315 ಅಲ್ಲ. ಗುಂಡು ದಪ್ಪ, ಭಾರ, ನಿಧಾನ. ದೂರಕ್ಕೆ ಹೇಳಿ ಮಾಡಿಸಿದ್ದಲ್ಲ. ಹತ್ತಿರದಲ್ಲಿ ಹಂದಿಯಂಥ ಗಟ್ಟಿ ಪ್ರಾಣಿಗೆ ಧಾರಾಳ ಸಾಕು.

ಅಳಿಯನನ್ನು ಕರೆದುಕೊಂಡು ತೋಟಕ್ಕೆ ಇಳಿದೆವು. ಹಂದಿ ಗುಡ್ಡೆಯಿಂದ ಇಳಿಯುವ ದಾರಿ, ಸುವರ್ಣಗೆಡ್ಡೆ ಮಗುಚಿದ ಜಾಗ, ಹೊಸ ಅಡಕೆ ಸಸಿಗಳನ್ನು ಬುಡಸಮೇತ ಎಬ್ಬಿಸಿದ ಸಾಲು, ಎಲ್ಲ ನೋಡಿದೆವು. ಪಂಪುಶೆಡ್ಡಿನ ಪಕ್ಕದ ಅಟ್ಟಣಿಗೆಯಿಂದ ಕಣಿಯ ಬದಿಯ ಆ ಸಾಲಿಗೆ ಟೇಪು ಹಿಡಿದರೆ 30 ಮೀಟರ್ ಚಿಲ್ಲರೆ. ತೋಟದಲ್ಲಿ ಎಲ್ಲಿ ನಿಂತು ಎಲ್ಲಿ ನೋಡಿದರೂ 60 ಮೀಟರಿನ ಮೇಲೆ ಕಣ್ಣು ಹೋಗುವುದಿಲ್ಲ, ಅಡಕೆ ಮರಗಳು ಅಡ್ಡ ಬರುತ್ತವೆ.

ರೈಗಳು ಅಲ್ಲೇ ಹೇಳಿದರು: "ಎಂತ ಮಾಷ್ಟ್ರೆ, ಇವ ಹೇಳುವ ಸ್ಕೋಪಿನಲ್ಲಿ ಅಷ್ಟು ದೂರ ನೋಡಿ ನಾನೆಂತ ಮಾಡ್ಲಿಕ್ಕುಂಟು? ಹಂದಿ ಬರುವುದು ಇಲ್ಲಿಗೆ."

"ಅದು ದೂರಕ್ಕೆ ಮಾತ್ರ ಅಲ್ಲ ಮಾವ, ಕಡಿಮೆಯೂ ಮಾಡ್ಬಹುದು," ಎಂದ ಅಳಿಯ.

ಆ 'ಕಡಿಮೆ'ಯ ಲೆಕ್ಕ ಹಾಕಿದೆವು. 5-25 ಸ್ಕೋಪನ್ನು ತೀರ ಇಳಿಸಿದರೂ 5 ಪಟ್ಟು. 30 ಮೀಟರಿನಲ್ಲಿ ಎರಡು ಮೀಟರಿನ ಆಸುಪಾಸಿನ ಅಗಲ ಮಾತ್ರ ಕಾಣುತ್ತದೆ. ಬೆಳೆದ ಹಂದಿಯೇ ಒಂದೂವರೆ ಮೀಟರ್ ಉದ್ದ. ಅಂದರೆ ಸ್ಕೋಪು ತುಂಬ ಹಂದಿ, ಅದರ ಪಕ್ಕದಲ್ಲಿ ಮರಿ ಇದೆಯೇ, ಹಿಂದೆ ಯಾರಾದರೂ ಟಾರ್ಚು ಹಿಡಿದು ಬರುತ್ತಿದ್ದಾರೆಯೇ ಒಂದೂ ಗೊತ್ತಾಗುವುದಿಲ್ಲ. ಮರಿ ಇದೆಯೇ ಎಂದು ನೋಡಿಯೇ ಹೊಡೆಯಬೇಕೆಂಬ ನಿಯಮ ಇರುವಾಗ ಇದು ಸಣ್ಣ ಮಾತಲ್ಲ. ಇನ್ನು ಅಂಥ ಸ್ಕೋಪುಗಳಲ್ಲಿ ಪಟ್ಟು ಹೆಚ್ಚಿಸಿದಂತೆ ಗೆರೆಯೂ ದಪ್ಪವಾಗುವ ಮಾದರಿಯೇ ಸಾಮಾನ್ಯ. 25ರಲ್ಲಿ ಚೆಂದ ಕಾಣುವ ಗೆರೆ 5ರಲ್ಲಿ ಕೂದಲಿನಷ್ಟು ಸಪುರವಾಗಿ ಕತ್ತಲಲ್ಲಿ ಮಾಯ. ಸ್ಕೋಪೊಂದೇ ಒಂದು ಕೆಜಿಯ ಮೇಲೆ ತೂಗುತ್ತದೆ, ಕೋವಿಯೇ ಮೂರೂವರೆ ಕೆಜಿಯ ಆಸುಪಾಸು.

56 ಮಿಲಿಮೀಟರಿನ ದೊಡ್ಡ ಗಾಜು ರಾತ್ರಿಗೆ ಒಳ್ಳೆಯದಲ್ಲವೇ ಎಂಬುದು ಅಳಿಯನ ಕೊನೆಯ ವಾದ. ಜರ್ಮನಿ, ಆಸ್ಟ್ರಿಯಾದಲ್ಲಿ ಹೌದು. ಅಲ್ಲಿ ಎತ್ತರದ ಅಟ್ಟಣಿಗೆಯಲ್ಲಿ ಕೂತು ಬೆಳದಿಂಗಳಲ್ಲಿ ಹೊಲಕ್ಕೆ ಬರುವ ಹಂದಿಗೆ ಕಾಯುವವರು 8×56 ಸ್ಕೋಪನ್ನು ತಲೆಮಾರುಗಳಿಂದ ಬಳಸಿದ್ದಾರೆ. 56ನ್ನು 8ರಿಂದ ಭಾಗಿಸಿದರೆ 7, ಹರೆಯದವನ ಕಣ್ಣಪಾಪೆ ಕತ್ತಲಲ್ಲಿ ಅಗಲವಾಗುವುದೂ ಅಷ್ಟೇ. ರೈಗಳಿಗೆ ಅರುವತ್ತು ದಾಟಿದೆ. ಆ ವಯಸ್ಸಿಗೆ ಕಣ್ಣಪಾಪೆ 5 ಮಿಲಿಮೀಟರಿನ ಸುತ್ತಮುತ್ತ ತೆರೆದರೆ ಹೆಚ್ಚು. 24 ಮಿಲಿಮೀಟರಿನ ಸಣ್ಣ ಗಾಜನ್ನು 4 ಪಟ್ಟಿನಲ್ಲಿಟ್ಟರೆ 6 ಮಿಲಿಮೀಟರಿನ ಬೆಳಕು ಬರುತ್ತದೆ, ಅವರ ಕಣ್ಣು ಕುಡಿಯುವುದಕ್ಕಿಂತ ಜಾಸ್ತಿಯೇ. ಮೇಲಾಗಿ ಅಡಕೆ ತೋಟದ ಒಳಗೆ ಬೆಳದಿಂಗಳು ಎಲ್ಲಿಂದ ಬರಬೇಕು? ಅಲ್ಲಿ ಕೆಲಸ ಆಗುವುದು ಟಾರ್ಚಿನಲ್ಲಿ.

ಹೀಗೆ 1-4×24ಕ್ಕೆ ಬಂದು ನಿಂತೆವು, ನಡುವಿನಲ್ಲಿ ಬೆಳಗುವ ಕೆಂಪು ಚುಕ್ಕೆ ಇರುವಂಥದ್ದು. 1 ಪಟ್ಟಿನಲ್ಲಿ ಎರಡೂ ಕಣ್ಣು ತೆರೆದು ನೋಡಬಹುದು, 30 ಮೀಟರಿನಲ್ಲಿ ಹತ್ತು ಮೀಟರಿನಷ್ಟು ಅಗಲ ಕಾಣುತ್ತದೆ. ಪ್ಯಾರಲಾಕ್ಸ್ ತಿರುಗಣೆ ಇಲ್ಲ, ಬೇಕಾಗಿಯೂ ಇಲ್ಲ. ಇಷ್ಟು ಸಣ್ಣ ಗಾಜಿನಲ್ಲಿ 30 ಮೀಟರಿಗೆ ಬರುವ ತಪ್ಪು ಒಂದು ಸೆಂಟಿಮೀಟರಿನ ಒಳಗೆ. 3-9×40 ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ, ಗುಡ್ಡೆಯ ಬಯಲಿಗಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಏರ್‌ಗನ್ನಿಗೆಂದು ಮಾರುವ ಎರಡು ಸಾವಿರದ ಸ್ಕೋಪನ್ನು .315ರ ಮೇಲೆ ಕೂರಿಸುವುದೆಂದರೆ ಕೋವಿ ಒದ್ದಾಗ ಹುಬ್ಬು ಒಡೆದುಕೊಳ್ಳುವ ದಾರಿ. ಕಣ್ಣಿಗೂ ಸ್ಕೋಪಿಗೂ ಕನಿಷ್ಠ 9 ಸೆಂಟಿಮೀಟರ್ ಅಂತರ ಇಟ್ಟುಕೊಂಡು ಪೂರ್ತಿ ಚಿತ್ರ ಕಾಣಬೇಕು. ಖರೀದಿಗೆ ಮೊದಲು ಕೇಳಬೇಕಾದ ಅಂಕಿ ಇದು, ಯಾರೂ ಕೇಳುವುದಿಲ್ಲ.

ಅಳಿಯ ಅಲ್ಲಿಂದಲೇ ಒಂದು ಸ್ಕೋಪು ಬ್ಯಾಗಿನಲ್ಲಿ ತರುತ್ತೇನೆ ಎಂದ. ಕೋವಿಗೆ ಸಂಬಂಧಪಟ್ಟ ವಸ್ತು ಎರಡು ದೇಶದ ಕಾಗದ ಸರಿಯಿಲ್ಲದೆ ವಿಮಾನ ಹತ್ತಬಾರದು ಎಂದೆ, ಮಾತು ಅಲ್ಲಿಗೆ ನಿಂತಿತು. ರೈಗಳು ವಿದ್ಯಾನಗರದ ಕಲೆಕ್ಟರೇಟಿಗೆ ಹೋಗಿ, ಲೈಸೆನ್ಸ್ ಕೊಡುವ ಕಚೇರಿಗೇ ಅರ್ಜಿ ಬರೆದು ಲಿಖಿತ ಉತ್ತರ ಪಡೆದು, ಆಮೇಲೆ ಲೈಸೆನ್ಸ್ ಇರುವ ಅಂಗಡಿಯಲ್ಲಿ ಬಿಲ್ಲಿನ ಮೇಲೆ ಖರೀದಿಸಿದರು.

ಸ್ಟಾಕಿನ ಕತೆ

ಎಲ್ಲರೂ ಸ್ಕೋಪಿನ ಬಗ್ಗೆ ಮಾತಾಡುತ್ತಾರೆ, ಸ್ಟಾಕಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇರುವುದು ಇಲ್ಲಿ.

ಚಾಸಿಸ್ ಸ್ಟಾಕು ಮೊದಲ ಹೆಜ್ಜೆಯಲ್ಲೇ ಬಿದ್ದುಹೋಯಿತು. ಮಾರುಕಟ್ಟೆಯಲ್ಲಿರುವ ಚಾಸಿಸ್‌ಗಳಲ್ಲಿ ಬಹುಪಾಲು ಅಮೆರಿಕದ ರೆಮಿಂಗ್ಟನ್ 700 ಕೋವಿಯ ಅಳತೆಯ ಯಂತ್ರಭಾಗಕ್ಕೆ ಮಾಡಿದವು. ಲೀ-ಎನ್‌ಫೀಲ್ಡಿನಲ್ಲಿ ಸ್ಟಾಕು ಒಂದೇ ಮರದ್ದಲ್ಲ. ಹಿಂದಿನ ಬುಡ ಬೇರೆ, ನಳಿಗೆಯ ಕೆಳಗಿನ ಮುಂಭಾಗ ಬೇರೆ, ನಡುವೆ ಕಬ್ಬಿಣದ ಸಾಕೆಟ್ಟು. ಬುಡವನ್ನು ಒಳಗಿನಿಂದ ಒಂದು ಉದ್ದ ಬೋಲ್ಟು ಹಿಡಿದಿರುತ್ತದೆ. ಹಳೆಯ ಎನ್‌ಫೀಲ್ಡ್ ರಚನೆಯಲ್ಲಿ ಆ ಬೋಲ್ಟಿನ ಚೌಕ ತುದಿ ಮುಂಭಾಗದ ಮರದ ತಗಡಿನಲ್ಲಿ ಕೂತಿರುತ್ತದೆ. ಮುಂಭಾಗ ಕಳಚದೆ ಬೋಲ್ಟು ತಿರುಗಿಸಿದರೆ ಮರ ಸೀಳುತ್ತದೆ. ಬುಡ ಬಿಗಿ ಮಾಡುತ್ತೇನೆಂದು ಹೊರಟು ಮುಂಭಾಗ ಒಡೆದುಕೊಂಡ ಕೋವಿಗಳು ನಮ್ಮ ಕಡೆ ಇವೆ.

ರೈಗಳನ್ನು ಅಂಗಳದಲ್ಲಿ ನಿಲ್ಲಿಸಿದೆವು. ಕೋವಿ ಖಾಲಿ ಎಂದು ಮೂವರೂ ನೋಡಿ ಖಚಿತ ಮಾಡಿಕೊಂಡು, ಸ್ಕೋಪು ಬರಬೇಕಾದ ಎತ್ತರದಲ್ಲಿ ರಟ್ಟಿನ ಕೊಳವೆಯೊಂದನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿದೆವು. ಕಣ್ಣು ಮುಚ್ಚಿ ಕೋವಿ ಭುಜಕ್ಕೆ ಏರಿಸಿ, ಕೆನ್ನೆ ಆರಾಮವಾಗಿ ಮರಕ್ಕಿಟ್ಟು, ಈಗ ಕಣ್ಣು ತೆರೆಯಿರಿ ಎಂದೆ. "ಎಂತದೂ ಕಾಣುದಿಲ್ಲ, ಕೊಳವೆಯ ಅಡಿ ಕಾಣ್ತದೆ," ಎಂದರು. ಕಾಣುವಂತೆ ತಲೆ ಎತ್ತಿದಾಗ ಕೆನ್ನೆ ಮರ ಬಿಟ್ಟು ಗದ್ದ ಮಾತ್ರ ತಾಗಿತ್ತು. ತೆರೆದ ಗುರಿಕಡ್ಡಿಗೆಂದು ಮಾಡಿದ ಸ್ಟಾಕು ಅದು, ಬೆನ್ನು ತಗ್ಗು. ಕಡ್ಡಿ ನಳಿಗೆಯ ನಡುವಿನಿಂದ ಎರಡೂವರೆ ಸೆಂಟಿಮೀಟರ್ ಮೇಲಿದ್ದರೆ ಸ್ಕೋಪಿನ ನಡು ಐದರ ಹತ್ತಿರ ಹೋಗುತ್ತದೆ. ಆ ವ್ಯತ್ಯಾಸವನ್ನು ಕೆನ್ನೆಯ ಕೆಳಗೆ ತುಂಬಿಸದೆ ಎಷ್ಟು ದುಡ್ಡಿನ ಸ್ಕೋಪು ಹಾಕಿದರೂ ಪ್ರತಿ ಸಲ ಬೇರೆ ಕಡೆಯಿಂದ ನೋಡಿದ ಹಾಗೆ. ಗದ್ದಕ್ಕೆ ಆನಿಸಿದ ಕೋವಿ ಒದ್ದಾಗ ಪೆಟ್ಟು ದವಡೆಗೆ.

ಇದಕ್ಕೆ ಮಾಡಿದ ಉಪಾಯ ಸಾದಾ. ಗಟ್ಟಿ ಫೋಮಿನ ಪದರಗಳು, ಅದರ ಮೇಲೆ ಪಟ್ಟಿ ಬಿಗಿದು ಕಟ್ಟುವ ಹೊದಿಕೆ. ಒಂದೊಂದೇ ಪದರ ಏರಿಸುತ್ತ ಕಣ್ಣು ತೆರೆದ ಕೂಡಲೇ ಕಪ್ಪು ಅಂಚಿಲ್ಲದ ಪೂರ್ತಿ ವೃತ್ತ ಕಾಣುವಲ್ಲಿಗೆ ನಿಲ್ಲಿಸಿದೆವು. ಚರ್ಮದ ಹೊದಿಕೆ ನೋಡಲು ಚೆಂದ, ಆದರೆ ಆಟಿ ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ, ನೈಲಾನೇ ಸಾಕು.

ಉದ್ದದ ಸಮಸ್ಯೆಯೂ ಇತ್ತು. ಟ್ರಿಗರಿನಿಂದ ಬುಡದ ತುದಿಯವರೆಗಿನ ಅಳತೆ ಸಾಧಾರಣ 34-35 ಸೆಂಟಿಮೀಟರ್ ಇರುತ್ತದೆ. ಮೊಣಕೈ ಮಡಚಿ ಬುಡವನ್ನು ಒಳಮಡಿಕೆಗೆ ಒತ್ತಿಟ್ಟರೆ ತೋರುಬೆರಳಿನ ಮೊದಲ ಗಿಣ್ಣು ಟ್ರಿಗರಿಗೆ ಬರಬೇಕು. ರೈಗಳು ಗಿಡ್ಡ, ಬೆರಳ ತುದಿಯಷ್ಟೇ ತಾಗುತ್ತಿತ್ತು. ಸೈನ್ಯದ ಎನ್‌ಫೀಲ್ಡಿಗೆ ಬುಡಗಳು ನಾಲ್ಕು ಉದ್ದದಲ್ಲಿ ಬರುತ್ತಿದ್ದವು, ಉದ್ದ, ಸಾಮಾನ್ಯ, ಗಿಡ್ಡ, ತೀರ ಗಿಡ್ಡ. ಆಳಿಗೆ ತಕ್ಕ ಬುಡ ಕೊಡಬೇಕೆಂದು ನೂರು ವರ್ಷದ ಹಿಂದಿನ ಸೈನ್ಯಕ್ಕೇ ಗೊತ್ತಿತ್ತು. ಬುಡ ಕತ್ತರಿಸಿ, ಪೆಟ್ಟು ತಗ್ಗಿಸುವ ರಬ್ಬರ್ ಪ್ಯಾಡು ಕೂರಿಸಿ, ಒಟ್ಟು ಉದ್ದ 33ಕ್ಕೆ ತಂದದ್ದು ಲೈಸೆನ್ಸ್ ಇರುವ ಕೋವಿ ರಿಪೇರಿಯವರು. ಸ್ಕೋಪು ಕೂರಿಸುವ ಬೇಸಿಗೆ ತೂತು ಕೊರೆದವರೂ ಅವರೇ, ಈ ಹಳೆಯ ಕೋವಿಯಲ್ಲಿ ಆ ತೂತು ಇರಲಿಲ್ಲ. ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವ ಕೆಲಸ ಇದಲ್ಲ, ಕಾನೂನಿಗೂ ಅಲ್ಲ, ಕೋವಿಗೂ ಅಲ್ಲ. ರಿಂಗಿನ ಸ್ಕ್ರೂಗಳನ್ನು ಸುಮಾರು 2 ನ್ಯೂಟನ್ ಮೀಟರಿಗೆ ನಿಲ್ಲಿಸಬೇಕು, ಇನ್ನೂ ಒಂದು ಸುತ್ತು ಇರಲಿ ಎಂದು ಬಿಗಿದರೆ ಸ್ಕೋಪಿನ ಕೊಳವೆ ನೆಗ್ಗುತ್ತದೆ.

ಮರವನ್ನೇ ಉಳಿಸಿಕೊಂಡದ್ದರಿಂದ ಮಳೆಯ ಚಿಂತೆ ಉಳಿಯಿತು. ವರ್ಷಕ್ಕೆ ಮೂರು ಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಮರ ಉಬ್ಬದಿರುವುದಿಲ್ಲ. ಮುಂಭಾಗ ಉಬ್ಬಿ ನಳಿಗೆಯನ್ನು ಒತ್ತಿದರೆ ಗುರಿ ಸರಿಯುತ್ತದೆ, ಎನ್‌ಫೀಲ್ಡಿನಲ್ಲಿ ಒದೆತವನ್ನು ತಡೆಯುವ ಮರದ ಎರಡು ಮೂಲೆಗಳು ಎಣ್ಣೆ ಕುಡಿದು ಮೆತ್ತಗಾದರೆ ಇನ್ನಷ್ಟು ಸರಿಯುತ್ತದೆ. ಹಾಗಾಗಿ ಕುದಿಸಿದ ಅಗಸೆ ಎಣ್ಣೆಯನ್ನು ಹೊರಮೈಗೆ ತೆಳ್ಳಗೆ ಹಚ್ಚಿ ಉಜ್ಜುವುದು, ನಳಿಗೆಗೆ ಹಾಕಿದ ಎಣ್ಣೆ ಮರಕ್ಕೆ ಇಳಿಯದಂತೆ ಕೋವಿಯನ್ನು ಬಾಯಿ ಕೆಳಗಾಗಿ ಇಡುವುದು.

ಕನ್ನಡಕದ ವಿಷಯ ಕೊನೆಗೆ ಹೊಳೆಯಿತು. ತಲೆ ಮುಂದಕ್ಕೆ ಬಾಗಿದಾಗ ರೈಗಳು ನೋಡುವುದು ಕನ್ನಡಕದ ಮೇಲಂಚಿನಿಂದ. ಅದೇ ಕನ್ನಡಕ ಹಾಕಿ, ಅದೇ ಭಂಗಿಯಲ್ಲಿ, ಖಾಲಿ ಆಕಾಶಕ್ಕೆ ಹಿಡಿದು ಗೆರೆ ಚೂಪಾಗುವವರೆಗೆ ಹಿಂದಿನ ಉಂಗುರ ತಿರುಗಿಸಿ ಅಲ್ಲಿಗೆ ಬಣ್ಣದ ಗುರುತು ಹಾಕಿದೆವು.

ಗುರಿ ಹೊಂದಿಸಿದ್ದು, ಆಮೇಲಿನದ್ದು

ವರ್ಷಕ್ಕೆ ಇಷ್ಟೇ ತೋಟೆ ಎಂಬ ಮಿತಿ ಲೈಸೆನ್ಸಿನಲ್ಲಿದೆ, ಒಂದೊಂದೂ ದುಬಾರಿ. ಆದ್ದರಿಂದ ಪೋಲು ಮಾಡುವಂತಿಲ್ಲ. ತೋಟೆ ತಳ್ಳುವ ಬೋಲ್ಟು (ಸ್ಟಾಕಿನದ್ದಲ್ಲ) ತೆಗೆದು ನಳಿಗೆಯ ಹಿಂದಿನಿಂದ ಕಣ್ಣಿಟ್ಟು ದೂರದ ಗುರುತೊಂದನ್ನು ನಡುವಿಗೆ ತಂದು, ಸ್ಕೋಪಿನ ಚುಕ್ಕೆಯನ್ನೂ ಅದಕ್ಕೇ ತಂದರೆ ಅರ್ಧ ಕೆಲಸ ಖರ್ಚಿಲ್ಲದೆ ಮುಗಿಯುತ್ತದೆ. ಉಳಿದದ್ದು ಅನುಮತಿ ಇರುವ ರೇಂಜಿನಲ್ಲಿ, 50 ಮೀಟರಿಗೆ. ಸ್ಕೋಪು ನಳಿಗೆಯಿಂದ ಐದು ಸೆಂಟಿಮೀಟರ್ ಮೇಲಿದ್ದು 50ಕ್ಕೆ ಹೊಂದಿಸಿದರೆ, ಈ ನಿಧಾನದ ಗುಂಡು 25ರಿಂದ 75 ಮೀಟರಿನವರೆಗೆ ಗುರಿಗೆರೆಯಿಂದ ಎರಡು ಸೆಂಟಿಮೀಟರಿನ ಒಳಗೇ ಇರುತ್ತದೆ. ತಿರುಗಣೆ ಮುಟ್ಟುವ ಅಗತ್ಯವೇ ಇಲ್ಲ. ಅವುಗಳಿಗೆ ಮುಚ್ಚಳ ಹಾಕಿ ಟೇಪು ಸುತ್ತಿದೆವು.

ಬೈಪಾಡು ಬೇಡವೆಂದು ಅಳಿಯನೇ ಒಪ್ಪಿದ. ಅಟ್ಟಣಿಗೆಯ ಅಡ್ಡಗಳಕ್ಕೆ ಗೋಣಿ ಸುತ್ತಿದರೆ ಅದೇ ಆಸರೆ. ಅಟ್ಟಣಿಗೆಯ ಇನ್ನೊಂದು ಉಪಕಾರ ದೊಡ್ಡದು. ರೈಫಲಿನ ಗುಂಡು ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ, ತೋಟದಾಚೆ ಮನೆಗಳಿವೆ. ಮೇಲಿನಿಂದ ಕೆಳಕ್ಕೆ ಹೊಡೆದಾಗ ಹಿಂದೆ ನೆಲವೇ ಇರುತ್ತದೆ. ಮುರಕಲ್ಲಿನ ಬರೆ ಇರುವ ಕಡೆಗೆ ಹೊಡೆಯುವುದು ಬೇಡ, ಕಲ್ಲಿಗೆ ತಾಗಿದ ಗುಂಡು ಎತ್ತ ಹಾರುತ್ತದೋ ಹೇಳಲಾಗದು. ಹಾಗಾಗಿ ಹೊಡೆಯಬಹುದಾದ ಕೋನವನ್ನು ಎರಡು ಅಡಕೆ ಮರಗಳಿಗೆ ಸುಣ್ಣ ಬಳಿದು ಗುರುತು ಮಾಡಿದ್ದಾರೆ. ಅದರಾಚೆ ಹಂದಿ ಬಂದರೆ ಬಂತು, ಹೋದರೆ ಹೋಯಿತು. ನಿಜ ಹೇಳಬೇಕೆಂದರೆ ನಮ್ಮ ಹೆಚ್ಚಿನ ತೋಟಗಳಿಗೆ 12 ಬೋರಿನ ಕೋವಿಯೇ ಮೇಲು, ಗುಂಡು ದೂರ ಹೋಗುವುದಿಲ್ಲ. ರೈಗಳಲ್ಲಿ ಇರುವುದು ರೈಫಲು, ಅದಕ್ಕೆ ಇಷ್ಟೆಲ್ಲ.

ಪಂಚಾಯತಿನ ಆದೇಶ ಬಂದ ಮೇಲೆ ಒಂದು ಒಂಟಿ ಗಂಡುಹಂದಿ ಅದೇ ಸಾಲಿಗೆ ಇಳಿಯಿತು. ಟಾರ್ಚು ಹಿಡಿದವನು ಕೆಲಸದಾಳು. ರೈಗಳು ಸ್ಕೋಪನ್ನು 1ರಲ್ಲಿಟ್ಟು ಸುತ್ತ ನೋಡಿ, ಮರಿ ಇಲ್ಲವೆಂದು ಖಚಿತ ಮಾಡಿಕೊಂಡು, 3ಕ್ಕೆ ಏರಿಸಿ ಹೊಡೆದರು. ಬಿದ್ದಲ್ಲೇ ಬಿತ್ತು. ಕಣಿಯ ನೀರಿನಿಂದ ದೂರ ಗುಂಡಿ ತೋಡಿ ಹೂಳುವಷ್ಟರಲ್ಲಿ ಬೆಳಗಾಗಿತ್ತು, ಮಹಜರಿಗೆ ಬಂದವರಿಗೆ ಚಹಾ ಆಯಿತು. ಇದೊಂದರಿಂದ ತೋಟ ಉಳಿಯಿತೆಂದೇನಲ್ಲ. ಸಸಿಯ ಸಾಲಿಗೆ ಸೋಲಾರ್ ಬೇಲಿಯನ್ನೂ ಹಾಕಿಸಿದ್ದಾರೆ, ಹೆಚ್ಚು ಕೆಲಸ ಮಾಡುತ್ತಿರುವುದು ಅದೇ ಎಂದು ನನ್ನ ಅಂದಾಜು.

ಆಮೇಲೆ ಚುನಾವಣೆ ಬಂತು, ಕೋವಿ ಠಾಣೆಯಲ್ಲಿ ಒಪ್ಪಿಸುವ ನೋಟೀಸು ಬಂತು. ಈ ಸಲ ರೈಗಳು ರಸೀದಿಯಲ್ಲಿ ಕೋವಿಯ ನಂಬ್ರದ ಜೊತೆ ಸ್ಕೋಪಿನ ನಂಬ್ರವನ್ನೂ ಬರೆಸಿಕೊಂಡು, ಕೆನ್ನೆದಿಂಬನ್ನು ಬಿಚ್ಚಿ ಮನೆಗೆ ತಂದಿದ್ದಾರೆ. ಕೋವಿ ಗೋಡೆಗೆ ಒರಗಿ, ಇನ್ನೊಂದು ಕೋವಿಯ ಮೇಲೆ ಬಿದ್ದು ಬರುವುದುಂಟು. ವಾಪಸು ಬಂದ ಮೇಲೆ ರೇಂಜಿಗೆ ಒಯ್ದು ಗುರಿ ನೋಡದೆ ತೋಟಕ್ಕೆ ಇಳಿಸುವ ಹಾಗಿಲ್ಲ. ಅದಕ್ಕೆ ಬೇಕಾದ ತೋಟೆಗಳನ್ನು ವರ್ಷದ ಪಾಲಿನಿಂದ ಬೇರೆ ಡಬ್ಬಿಯಲ್ಲಿ ಎತ್ತಿಟ್ಟಾಗಿದೆ.